ಇನ್ನೂ ನಾಲ್ಕು ವರ್ಷ

ರಾಮಮ್ಮನ ತಲೆಯ ಸ್ಕ್ಯಾನ್ ಮಾಡಿಸಿದ ಫಲಿತಾಂಶ ಮೊದಲಿಗೆ ಮನೆಯ ಮೂರು ಜನಕ್ಕೆ ಮಾತ್ರ ಗೊತ್ತಿತ್ತು. ಆ ಮೂವರಲ್ಲಿ ರಾಮಮ್ಮ ಇರಲಿಲ್ಲ. ನಾಲ್ಕು ವಾರ ಕಳೆಯುವುದರೊಳಗೆ ಅದು ಗೋಣಿಬೀಡಿನ ಆಚೆಯ ಕಾಫಿ ಎಸ್ಟೇಟಿನ ಕೂಲಿಯವರ ಸಾಲುಮನೆ, ಅಂದರೆ ಲೈನಿನ ಹದಿನಾಲ್ಕು ಮನೆಗೂ ಗೊತ್ತಾಯಿತು. ಹೇಳಿದವರು ಯಾರು ಎಂದು ಕೇಳಿದರೆ, ಯಾರೂ ಹೇಳಿಲ್ಲ. ಬಾಯಿ ಬಿಡದೆಯೇ ಒಬ್ಬರ ಮಾನ ಕಳೆಯಬಹುದು ಎಂದು ಆ ಮನೆಯವರಿಗೆ ಆಮೇಲೆ ತಿಳಿಯಿತು.

ರಾಮಮ್ಮನಿಗೆ ಐವತ್ತೆಂಟು ವರ್ಷ. ಎಸ್ಟೇಟಿನ ಕೂಸಿನ ಮನೆಗೆ ಅವಳೇ ಆಯಾ. ಕಾಫಿ ಹಣ್ಣು ಕುಯ್ಯಲು ಹೋಗುವ ಹೆಂಗಸರು ಬೆಳಿಗ್ಗೆ ಏಳೂವರೆಗೆ ಮಕ್ಕಳನ್ನು ತಂದು ಅವಳ ಕೈಗೆ ಹಾಕಿ ಹೋದರೆ ಮತ್ತೆ ಬರುವುದು ಸಂಜೆಗೆ. ಹಳೆಯ ಸೀರೆಯ ಏಳು ಜೋಲಿಗಳು ಮಾಡಿನ ಜಂತೆಗೆ ತೂಗುತ್ತಿದ್ದವು. ಅತ್ತದ್ದು ಯಾರ ಮಗು ಎಂದು ತಿಳಿಯಲು ಅವಳು ತಿರುಗಿ ನೋಡಬೇಕಾಗಿರಲಿಲ್ಲ. ಹದಿನೇಳು ವರ್ಷ ಅದೇ ಕೆಲಸ ಮಾಡಿದವಳು. ಈಗ ಆ ಏಳು ಮಕ್ಕಳಲ್ಲಿ ಒಂದು ಅವಳದೇ ಮೊಮ್ಮಗ, ಎಂಟು ತಿಂಗಳ ಲಿಖಿತ್.

ಮನೆಯಲ್ಲಿ ಮಗ ರಾಜೇಶ್ ಎಸ್ಟೇಟಿನ ಜೀಪು ಓಡಿಸುತ್ತಾನೆ. ಸೊಸೆ ಯಶೋದಾ ಹಣ್ಣು ಕುಯ್ಯಲು ಹೋಗುತ್ತಾಳೆ. ಮಗಳು ರಂಜಿತಾ ಚಿಕ್ಕಮಗಳೂರಿನ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ಚೀಟಿ ಬರೆಯುವ ಕೆಲಸದಲ್ಲಿದ್ದು, ಭಾನುವಾರ ಮನೆಗೆ ಬಂದು ಹೋಗುತ್ತಾಳೆ. ಈ ಸ್ಕ್ಯಾನಿನ ವಿಷಯ ಹೊತ್ತು ತಂದವಳು ಅವಳೇ. ಹೆತ್ತವರಲ್ಲಿ ಒಬ್ಬರಿಗಾದರೂ ಮರೆವಿನ ಕಾಯಿಲೆ ಬಂದಿದ್ದವರನ್ನು ಬೆಂಗಳೂರಿನ ಒಂದು ಆಸ್ಪತ್ರೆಯವರು ಅಧ್ಯಯನಕ್ಕೆಂದು ಕರೆದಿದ್ದರು. ಮೆದುಳಿನ ಚಿತ್ರ ತೆಗೆದು, ಲಕ್ಷಣ ಕಾಣುವ ಮೊದಲೇ ಅದು ಯಾವಾಗ ಶುರುವಾಗಬಹುದು ಎಂದು ಅಂದಾಜು ಮಾಡುತ್ತಾರಂತೆ. ರಾಮಮ್ಮನ ತಾಯಿ ಭಾಗಮ್ಮ ಅರವತ್ತೆರಡಕ್ಕೇ ಮಕ್ಕಳ ಮುಖ ಮರೆತವಳು.

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ರಂಜಿತಾ ಫಾರಂ ಓದಿ ಹೇಳಿದ್ದಳು.

"ಫಲಿತಾಂಶ ತಿಳ್ಕೊಳೋಕೆ ಇಷ್ಟ ಇದೆಯಾ ಅಂತ ಕೇಳಿದಾರೆ ಅವ್ವ. ಹೌದು ಅಂತ ಹಾಕ್ಲಾ?"

"ಬೇಡ ಅಂತ ಹಾಕು."

"ಯಾಕೆ?"

"ಫೋಟೊ ತಗೊಳ್ಳಿ, ಅವ್ರ ಓದಿಗೆ ಉಪಯೋಗ ಆಗ್ಲಿ. ನಂಗೆ ಹೇಳೋದು ಬೇಡ, ನಿಮಗೂ ಹೇಳೋದು ಬೇಡ."

"ಸರಿ" ಎಂದು ರಂಜಿತಾ 'ಹೌದು' ಎನ್ನುವಲ್ಲಿ ಗುರುತು ಹಾಕಿದಳು. ತಿಳಿಸಬೇಕಾದವರು ಎನ್ನುವಲ್ಲಿ ತನ್ನ ಹೆಸರು, ತನ್ನ ನಂಬರು ಬರೆದಳು. ರಾಮಮ್ಮ ಮಗಳು ಬೆರಳಿಟ್ಟು ತೋರಿಸಿದ ಕಡೆ ನಿಧಾನವಾಗಿ, ಒಂದೊಂದೇ ಅಕ್ಷರವಾಗಿ ರುಜು ಹಾಕಿದಳು. ಮಗಳ ಮೇಲೆ ಅಷ್ಟು ನಂಬಿಕೆ.

ನವೆಂಬರಿನಲ್ಲಿ ಡಾಕ್ಟರಮ್ಮನ ಫೋನು ಬಂತು. "ತಾಯಿಯವರು ಪಕ್ಕದಲ್ಲಿದ್ದಾರಾ?" ಎಂದು ಕೇಳಿದರು. ರಂಜಿತಾ ಸೆಂಟರಿನ ಮೆಟ್ಟಿಲ ಮೇಲೆ ಒಬ್ಬಳೇ ನಿಂತು, "ಇಲ್ಲೇ ಇದಾರೆ ಮೇಡಂ" ಎಂದಳು. ಡಾಕ್ಟರಮ್ಮ ಸಮಾಧಾನವಾಗಿ ಬಿಡಿಸಿ ಹೇಳಿದರು. ಮೆದುಳಿನಲ್ಲಿ ಸೇರಬಾರದ ಒಂದು ಬಗೆಯ ಪ್ರೋಟೀನು ಸೇರಲು ಶುರುವಾಗಿದೆ. ಮರೆವು ಕಾಣಿಸಿಕೊಳ್ಳಲು ಇನ್ನೂ ನಾಲ್ಕು ವರ್ಷವಾಗಬಹುದು. ಹೆಚ್ಚೂ ಆದೀತು, ಕಡಿಮೆಯೂ ಆದೀತು, ಇದು ಅಂದಾಜು ಅಷ್ಟೆ. ಇವತ್ತಿಗೆ ನೆನಪಿನ ಪರೀಕ್ಷೆಯಲ್ಲಿ ನಿಮ್ಮ ತಾಯಿಯವರದ್ದು ಏನೂ ತೊಂದರೆ ಇಲ್ಲ. ಈ ಕೊನೆಯ ಮಾತನ್ನು ಅವರು ಎರಡು ಸಲ ಹೇಳಿದರು. ಎರಡು ಸಲವೂ ಅದು ರಂಜಿತಾಳ ಕಿವಿಗೆ ಬಿದ್ದು ಹಾಗೇ ಹೋಯಿತು.

ಆ ಭಾನುವಾರ ರಾಮಮ್ಮ ಸೊಪ್ಪು ಕುಯ್ಯಲು ಹೊಳೆಯ ಕಡೆ ಹೋಗಿದ್ದ ಹೊತ್ತಿಗೆ ರಂಜಿತಾ ಅಣ್ಣ ಅತ್ತಿಗೆಗೆ ವಿಷಯ ಹೇಳಿದಳು.

"ಅವ್ವಂಗೆ ಗೊತ್ತಾ?" ಎಂದ ರಾಜೇಶ್.

"ಇಲ್ಲ. ಹೇಳ್ಬೇಡಿ. ಸುಮ್ನೆ ಒಂದು ಕಣ್ಣಿಟ್ಟಿರಿ."

"ಕಣ್ಣಿಟ್ಟು ಏನ್ ಮಾಡೋದು ಮಾರಾಯ್ತಿ?"

"ನೋಡ್ಕೊಳೋದು ಅಣ್ಣ. ಗ್ಯಾಸು, ನೀರು, ಒಲೆ. ಅದೂ ಇದೂ."

ಕಣ್ಣಿಡುವುದು ಸುಲಭದ ಕೆಲಸವಲ್ಲ. ಕಣ್ಣಿಟ್ಟವನಿಗೆ ಏನಾದರೂ ಕಾಣಲೇಬೇಕು. ರಾಜೇಶ್ ದಿನಾ ಬೆಳಿಗ್ಗೆ ಸಿಲಿಂಡರಿನ ಹತ್ತಿರ ಬಗ್ಗಿ ಮೂಸತೊಡಗಿದ. ಕಾಫಿ ಕುಡಿಯುತ್ತಾ, "ಅವ್ವ, ಇವತ್ತು ಯಾವ ವಾರ?" ಎಂದ.

"ಗುರುವಾರ. ಯಾಕೆ, ನಿಂಗೆ ಡ್ಯೂಟಿ ಇಲ್ವಾ?"

"ಇದೆ ಇದೆ."

"ಮತ್ತೆ ಏಳು. ಮೂಗು ಹಿಡ್ಕೊಂಡು ಸಿಲಿಂಡರ್ ಮುಂದೆ ಕೂತಿದೀಯ, ಪೂಜೆಗೆ ಕೂತೋನ ಹಾಗೆ."

ಮರುದಿನ ಸಂಜೆ ರಾಮಮ್ಮ ಹುರುಳಿ ಸಾರು ಕುದಿಯಲು ಇಟ್ಟು ಕೋಳಿ ಗೂಡು ಮುಚ್ಚಲು ಹಿತ್ತಲಿಗೆ ಹೋದಳು. ಒಳಗೆ ಬಂದ ಯಶೋದಾಳಿಗೆ ಉಪ್ಪಿನ ಮರಿಗೆಯ ಮುಚ್ಚಳ ಮುಚ್ಚಿದ್ದು ಕಂಡಿತು. ಅತ್ತೆ ಉಪ್ಪು ಮರೆತಿದ್ದಾರೆ ಅಂದುಕೊಂಡಳು. ಒಂದು ಹಿಡಿ ಉಪ್ಪು ಸಾರಿಗೆ ಹಾಕಿ ಸೌಟು ಆಡಿಸಿದಳು. ಊಟಕ್ಕೆ ಕೂತಾಗ ರಾಜೇಶ್ ಮೊದಲ ತುತ್ತಿಗೇ ಮುಖ ಕಿವುಚಿದ.

"ಏನವ್ವ ಇದು, ಸಮುದ್ರ!"

ರಾಮಮ್ಮ ಬೆರಳು ಅದ್ದಿ ನೆಕ್ಕಿದಳು. "ಅಯ್ಯೋ. ಒಂದೇ ಸಲ ಹಾಕಿದ್ದು ನಾನು."

"ಎರಡು ಸಲ ಹಾಕಿರ್ತೀಯ. ನೆನಪಿರಲ್ಲ."

"ನೆನಪಿರ್ದೆ ಏನು?"

ರಾಜೇಶ್ ಹೆಂಡತಿಯ ಮುಖ ನೋಡಿದ. ಯಶೋದಾ ತಟ್ಟೆ ನೋಡಿದಳು. ನಾನು ಹಾಕಿದ್ದು ಅನ್ನಲು ಬಾಯಿ ತೆರೆದಳು, ಆದರೆ ಆ ಹೊತ್ತಿಗೆ ಗಂಡ ಗಂಜಿ ಕೇಳಿದ. ಎದ್ದು ಗಂಜಿ ತಂದಳು. ಆಮೇಲೆ ಹೇಳಿದರಾಯಿತು ಎಂದು ಸುಮ್ಮನಾದಳು. ಆ ಆಮೇಲೆ ಮೂರು ವಾರ ಬರಲಿಲ್ಲ.

"ಶುರುವಾಗಿದೆ ಕಣೆ" ಎಂದ ರಾಜೇಶ್, ತಾಯಿ ಪಾತ್ರೆ ತೊಳೆಯಲು ಹೋದ ಮೇಲೆ. "ನಾಲ್ಕು ವರ್ಷವೂ ಇಲ್ಲ, ಏನೂ ಇಲ್ಲ. ನಾಳೆಯಿಂದ ಕೂಸನ್ನ ಅವ್ವನ ಹತ್ರ ಬಿಡ್ಬೇಡ."

"ಉಪ್ಪಿಗೂ ಕೂಸಿಗೂ ಏನ್ರೀ ಸಂಬಂಧ?"

"ಜೋಲೀಲಿ ಮಲಗಿಸಿ ಮರೆತು ಎಲ್ಲಾದ್ರೂ ಹೋದ್ರೆ? ನಮ್ಮ ಭಾಗಜ್ಜಿ ದೇವರಮನೆ ಗುಡ್ಡದವರೆಗೆ ನಡ್ಕೊಂಡು ಹೋಗಿತ್ತು, ಗೊತ್ತಲ್ಲ?"

ಹೇಳುವುದಕ್ಕೆ ಅದು ಎರಡನೆಯ ಅವಕಾಶ. ಅದನ್ನೂ ಯಶೋದಾ ಬಿಟ್ಟಳು. ತಪ್ಪು ತನ್ನದೆಂದು ಗೊತ್ತಿದ್ದೂ, ಎಂಟು ತಿಂಗಳ ಕೂಸಿನ ತಾಯಿಗೆ ಹೆದರಿಕೆ ಹತ್ತಿತ್ತು. ಅದನ್ನೇನೂ ದೊಡ್ಡ ಪಾಪ ಎನ್ನುವಂತಿಲ್ಲ, ಆದರೆ ಅದರಿಂದ ಆದದ್ದು ಸಣ್ಣದಾಗಿರಲಿಲ್ಲ.

ಬೆಳಿಗ್ಗೆ ಯಶೋದಾ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಕೂಸಿನ ಮನೆಯ ಮುಂದೆಯೇ ಹಾದುಹೋದಳು. ತೋಟಕ್ಕೆ ಹೋಗಲು ಬೇರೆ ದಾರಿ ಇಲ್ಲ.

"ಎಲ್ಲಿಗೆ ನನ್ನ ರಾಜನ್ನ ಹೊತ್ಕೊಂಡು ಹೊರಟೆ?" ರಾಮಮ್ಮ ಬಾಗಿಲಲ್ಲಿ ಕೈ ಚಾಚಿ ನಿಂತಿದ್ದಳು.

"ಸ್ವಲ್ಪ ಮೈ ಬಿಸಿ ಇದೆ ಅತ್ತೆ. ನನ್ನ ಹತ್ರನೇ ಇರ್ಲಿ."

"ಮೈ ಬಿಸಿ ಇದ್ದೋನ್ನ ಈ ಇಬ್ಬನೀಲಿ ತೋಟಕ್ಕೆ ಒಯ್ತೀಯಾ? ಬುದ್ಧಿ ಇದೆಯಾ ನಿಂಗೆ?"

"ಇರ್ಲಿ ಬಿಡಿ ಅತ್ತೆ."

ಚಾಚಿದ ಕೈಯನ್ನು ರಾಮಮ್ಮ ಸೆರಗಿಗೆ ಒರೆಸಿಕೊಂಡಳು. ಹಿಂದೆ ತಮ್ಮ ಮಕ್ಕಳನ್ನು ಬಿಡಲು ಬರುತ್ತಿದ್ದ ರುದ್ರಾಣಿ, ಪ್ರೇಮಕುಮಾರಿ ಇಬ್ಬರೂ ಇದನ್ನು ನೋಡಿದರು. ಮೈ ಬಿಸಿ ಒಂದು ದಿನ ಇರಬಹುದು, ಎರಡು ದಿನ ಇರಬಹುದು. ನಾಲ್ಕನೆಯ ದಿನ ಹಣ್ಣು ಕುಯ್ಯುತ್ತಾ ರುದ್ರಾಣಿ ಕೇಳಿಯೇಬಿಟ್ಟಳು.

"ಅಲ್ವೇ ಯಶೋದಾ, ಸ್ವಂತ ಅಜ್ಜಿ ಹತ್ರ ಬಿಡದಿರೋ ಅಂಥದ್ದು ಏನಾಗಿದೆ?"

"ಏನಿಲ್ಲ ಅಕ್ಕ."

"ಬೆಂಗಳೂರಿಗೆ ಹೋಗಿಬಂದ್ರಲ್ಲ, ತಲೆ ಸ್ಕ್ಯಾನ್ ಅಂತ. ಅದ್ರಲ್ಲಿ ಏನಾದ್ರೂ?"

ಯಶೋದಾ ತಲೆ ತಗ್ಗಿಸಿ ಗೊಂಚಲು ಬಿಡಿಸಿದಳು. ಅವರಿಗೆ ಅಷ್ಟು ಸಾಕಾಯಿತು. ಭಾಗಮ್ಮನ ಕಥೆ ಲೈನಿಗೆಲ್ಲ ಗೊತ್ತಿದ್ದದ್ದೇ. ಮರುದಿನ ರುದ್ರಾಣಿಯ ಮಗು ಕೂಸಿನ ಮನೆಗೆ ಬರಲಿಲ್ಲ. ವಾರ ಮುಗಿಯುವಷ್ಟರಲ್ಲಿ ಐದು ಜೋಲಿ ಖಾಲಿಯಾದವು, ಮುಂದಿನ ವಾರ ಉಳಿದೆರಡೂ. ಒಬ್ಬೊಬ್ಬರದ್ದು ಒಂದೊಂದು ನೆಪ. ಹಲ್ಲು ಬರ್ತಿದೆ ಎಂದರು, ತವರಿಗೆ ಕಳಿಸಿದೀವಿ ಎಂದರು. ರಾಮಮ್ಮ ಎಲ್ಲಕ್ಕೂ ಹೂಂ ಎಂದಳು. ಖಾಲಿ ಜೋಲಿಗಳನ್ನು ಬಿಚ್ಚಿ ಒಗೆದಳು, ಒಣಗಿಸಿ ಮತ್ತೆ ಕಟ್ಟಿದಳು, ಯಾರೂ ಬರದಿದ್ದಾಗ ಮತ್ತೆ ಬಿಚ್ಚಿ ಒಗೆದಳು.

ಶನಿವಾರ ರೈಟರ್ ಪ್ರಸಾದ್ ಬಂದ. ತೋಟದ ಆಳುಗಳ ಉಸ್ತುವಾರಿ ಅವನದು. ಒಳ್ಳೆಯ ಹುಡುಗ, ಕಟು ಮಾತು ಆಡಲು ಬಾರದು.

"ರಾಮಮ್ಮ, ಸ್ವಲ್ಪ ದಿವ್ಸ ರೆಸ್ಟ್ ತಗೊಳ್ಳಿ."

"ನಾನು ರೆಸ್ಟ್ ಕೇಳಿದ್ನಾ ರೈಟ್ರೇ?"

"ಮಕ್ಕಳೇ ಬರ್ತಿಲ್ವಲ್ಲ. ಅದೂ ಅಲ್ದೆ ಸ್ಕ್ಯಾನಲ್ಲಿ ಹಾಗೆ ಬಂದಿದೆ ಅಂದ್ಮೇಲೆ..."

"ಹೇಗೆ ಬಂದಿದೆ?"

ಪ್ರಸಾದನ ಮುಖ ಕೆಂಪಾಯಿತು. "ನಿಮ್ಗೆ ಹೇಳಿಲ್ವಾ ಮನೇಲಿ?"

"ಇಲ್ಲ. ನೀವೇ ಹೇಳಿ."

ಅವನು ಹೇಳಲಿಲ್ಲ. ಕೀಲಿಕೈಗಾಗಿ ಕೈ ಚಾಚಲೂ ನಾಚಿಕೊಂಡು ಗೋಡೆ ನೋಡುತ್ತಾ ನಿಂತ. ರಾಮಮ್ಮನೇ ಸೊಂಟದಿಂದ ಕೀಲಿಕೈ ಬಿಚ್ಚಿ ಕಿಟಕಿಯ ಮೇಲಿಟ್ಟು ಹೊರಟಳು. ಲೈನಿನ ಬಾಗಿಲುಗಳಲ್ಲಿ ನಿಂತಿದ್ದವರು ಒಬ್ಬೊಬ್ಬರಾಗಿ ಒಳಗೆ ಸರಿದರು. ಹದಿನೇಳು ವರ್ಷದಲ್ಲಿ ಅವಳು ಆ ದಾರಿಯಲ್ಲಿ ತಲೆ ತಗ್ಗಿಸಿ ನಡೆದದ್ದು ಅವತ್ತೊಂದೇ ದಿನ.

ಅವಳು ಮನೆಯಲ್ಲಿ ಕೂಗಾಡಲಿಲ್ಲ. ಭಾನುವಾರ ರಂಜಿತಾ ಬರುವವರೆಗೆ ಕಾದಳು. ಅಕ್ಕಿ ರೊಟ್ಟಿ ತಟ್ಟಿ, ಒಣಮೀನಿನ ಚಟ್ನಿ ಅರೆದು, ಮೂವರ ತಟ್ಟೆಗೂ ಬಡಿಸಿ, ಎದುರಿಗೆ ಕೂತಳು.

"ರಂಜಿ, ಅವತ್ತು ಫಾರಮ್ಮಲ್ಲಿ ಬೇಡ ಅಂತ ಹಾಕು ಅಂದಿದ್ದೆ. ಏನು ಹಾಕ್ದೆ?"

ರಂಜಿತಾಳ ಕೈಯ ರೊಟ್ಟಿ ತಟ್ಟೆಗೆ ಬಿತ್ತು. "ಅವ್ವ, ಅದು..."

"ಏನು ಹಾಕ್ದೆ?"

"ಹೌದು ಅಂತ."

"ಯಾಕೆ?"

"ಮುಂಚೆ ಗೊತ್ತಾದ್ರೆ ನಿಂಗೆ ಒಳ್ಳೇದಲ್ವಾ ಅಂತ."

"ನಂಗೆ ಒಳ್ಳೇದಾದ್ರೆ ನಂಗೆ ಹೇಳ್ಬೇಕಿತ್ತು. ಅವನಿಗೆ ಯಾಕೆ ಹೇಳ್ದೆ?"

ರಂಜಿತಾ ಅಳತೊಡಗಿದಳು. ಅತ್ತರೆ ಬಿಡುವ ತಾಯಿ ಅಂದು ಬಿಡಲಿಲ್ಲ.

"ನಿಜ ಹೇಳು."

"ಬಣಕಲ್ಲಿನಿಂದ ಗಂಡಿನ ಸಂಬಂಧ ಬಂದಿದೆಯಲ್ಲವ್ವ. ಅಜ್ಜಿಗೆ ಬಂತು, ನಿಂಗೆ ಬಂದ್ರೆ ನಂಗೂ ಬರುತ್ತೇನೋ ಅಂತ. ನಂಗೆ ಗೊತ್ತಾಗ್ಬೇಕಿತ್ತು."

ಒಲೆಯ ಮೇಲಿನ ರೊಟ್ಟಿ ಸೀದ ವಾಸನೆ ಬಂತು. ಯಶೋದಾ ಎದ್ದು ಕಾವಲಿ ಇಳಿಸಿದಳು.

"ಎಷ್ಟು ವರ್ಷ ಇದೆ ಅಂದ್ರು?" ಎಂದಳು ರಾಮಮ್ಮ.

"ನಾಲ್ಕು ವರ್ಷ. ಹೆಚ್ಚೂ ಆಗ್ಬಹುದು ಅಂದ್ರು. ಈಗ ಏನೂ ಇಲ್ಲ ಅಂದ್ರು."

"ಸ್ಕ್ಯಾನಿನವ್ರು ನಂಗೆ ನಾಲ್ಕು ವರ್ಷ ಕೊಟ್ಟಿದ್ರು. ನೀವು ನಾಲ್ಕು ವಾರನೂ ಕೊಡ್ಲಿಲ್ವಲ್ಲ."

"ಅವ್ವ, ನಾವು ಹೆದರಿಬಿಟ್ವಿ" ಎಂದ ರಾಜೇಶ್. "ಅವತ್ತು ಸಾರಿಗೆ ಎರಡು ಸಲ ಉಪ್ಪು..."

"ಉಪ್ಪು ಹಾಕಿದ್ದು ನಾನು" ಎಂದಳು ಯಶೋದಾ ಕಾವಲಿ ಹಿಡಿದುಕೊಂಡೇ. "ಅತ್ತೆ ಮರೆತಿದಾರೆ ಅಂತ ನಾನೂ ಒಂದು ಹಿಡಿ ಹಾಕ್ದೆ. ಆಮೇಲೆ ಹೇಳೋಕೆ ಬಾಯಿ ಬರ್ಲಿಲ್ಲ. ಅತ್ತೆ, ತಪ್ಪು ನಂದು."

ರಾಜೇಶ್ ಹೆಂಡತಿಯನ್ನು ದುರುಗುಟ್ಟಿ ನೋಡಿದ. ಬೈಯಲು ಶುರು ಮಾಡಿದವನು, ತಾಯಿ ಕೈ ಎತ್ತಿದ್ದರಿಂದ ನಿಂತ.

"ಅವಳಿಗೆ ಬೈಬೇಡ. ನಾನು ಬೇಡ ಅಂದಿದ್ದು ಯಾಕೆ ಗೊತ್ತಾ? ಕಾಯಿಲೆಗೆ ಹೆದರಿ ಅಲ್ಲ. ನಮ್ಮವ್ವ ಮರೆಯೋಕೆ ಶುರು ಮಾಡಿದಾಗ ಡಾಕ್ಟ್ರು ಹೇಳಿದ್ರು, ಜೋಪಾನ ಅಂತ. ಆಗಿನ್ನೂ ಅವಳಿಗೆ ಅಡುಗೆ ಬರ್ತಿತ್ತು, ನೀವೆಲ್ಲ ಯಾರ್ಯಾರು ಅಂತ ಗೊತ್ತಿತ್ತು. ನಾನು ಕೆಲ್ಸಕ್ಕೆ ಹೋಗುವಾಗ ಸೀರೆ ತುಂಡಲ್ಲಿ ಅವಳ ಕಾಲನ್ನ ಮಂಚಕ್ಕೆ ಕಟ್ಟಿ ಹೋಗ್ತಿದ್ದೆ. ಇದೇ ಮನೇಲಿ. ಒಂದಿನ ಅಂದ್ಲು, ರಾಮೀ, ನಾನಿನ್ನೂ ಮರ್ತಿಲ್ವಲ್ಲೇ ಅಂತ. ಆದ್ರೂ ಕಟ್ಟಿ ಹೋದೆ."

ಅದನ್ನು ಅವಳು ಈವರೆಗೆ ಯಾರಿಗೂ ಹೇಳಿರಲಿಲ್ಲ. ಹೇಳಿ ಎದ್ದು ಹೋಗಿ ಕೈ ತೊಳೆದುಕೊಂಡಳು. ತಟ್ಟೆಯಲ್ಲಿದ್ದ ರೊಟ್ಟಿಯನ್ನು ಅಂದು ಮೂವರಲ್ಲಿ ಯಾರೂ ಮುಗಿಸಲಿಲ್ಲ.

ಸೋಮವಾರ ಕೂಸಿನ ಮನೆಗೆ ಬೀಗ. "ಇವತ್ತು ಇವನು ನಿಮ್ ಹತ್ರ ಮನೇಲೇ ಇರ್ಲಿ ಅತ್ತೆ" ಎಂದು ಯಶೋದಾ ಕೇಳಿದಳು. "ನಿನ್ನ ಗಂಡನ್ನ ಕೇಳು" ಎಂದಳು ರಾಮಮ್ಮ ಮುಖ ತಿರುಗಿಸಿ. ರಾಜೇಶ್ ಆಗಲೇ ಜೀಪು ತೆಗೆದು ಹೋಗಿದ್ದ. ಹೊತ್ತಾಗಿತ್ತು. ಯಶೋದಾ ಕೂಸನ್ನು ಹೊತ್ತು ತೋಟಕ್ಕೆ ಹೋಗಿ, ಹಾಲುವಾಣದ ಮರಕ್ಕೆ ಜೋಲಿ ಕಟ್ಟಿ ಮಲಗಿಸಿ ಸಾಲಿಗೆ ಇಳಿದಳು.

ತೋಟದಲ್ಲಿ ಜೋಲಿ ಕಟ್ಟುವುದಕ್ಕೆ ಒಂದು ಕ್ರಮವಿದೆ. ಮರದ ಮೇಲೆ ಚಗಳಿ ಗೂಡು ಇದೆಯೋ ಎಂದು ಮೊದಲು ನೋಡಬೇಕು. ಎಲೆ ಹೆಣೆದು ಗೂಡು ಮಾಡುವ ಆ ಕೆಂಪು ಇರುವೆ ಕಚ್ಚಿದರೆ ದೊಡ್ಡವರೇ ಕುಣಿಯುತ್ತಾರೆ. ಗೂಡು ಕಾಣದಿದ್ದರೂ ಹಗ್ಗದ ಎರಡು ತುದಿಗೂ ಡೀಸೆಲ್ ಅದ್ದಿದ ಬಟ್ಟೆ ಸುತ್ತಬೇಕು, ಇಲ್ಲದಿದ್ದರೆ ಅವು ಹಗ್ಗ ಹಿಡಿದೇ ಇಳಿಯುತ್ತವೆ. ಇದನ್ನು ಸೊಸೆಗೆ ಕಲಿಸಿದವಳು ರಾಮಮ್ಮ. ಇಷ್ಟು ದಿನವೂ ಯಶೋದಾ ತಪ್ಪದೆ ಸುತ್ತುತ್ತಿದ್ದಳು. ಆ ದಿನ ಅವಳ ತಲೆ ತುಂಬ ಹಿಂದಿನ ದಿನದ ಮಾತೇ ಇತ್ತು.

ಹತ್ತು ಗಂಟೆಯ ಹೊತ್ತಿಗೆ ಕೂಸು ಕಿರುಚಿತು. ತೋಟದಲ್ಲಿ ಅಂದು ಆರು ಜೋಲಿಗಳಿದ್ದವು. ಹೆಂಗಸರು ಯಾರ ಮಗು ಎಂದು ಅತ್ತಿತ್ತ ನೋಡುತ್ತಿರುವಾಗಲೇ ಕೆಳಗಿನ ಲೈನಿನಿಂದ ರಾಮಮ್ಮ ಸೀರೆ ಎತ್ತಿ ಕಟ್ಟಿ, ಎಣ್ಣೆ ಬಾಟಲಿ ಹಿಡಿದು ಓಡಿ ಬರುತ್ತಿದ್ದಳು. ಅಷ್ಟು ದೂರದಿಂದ ದನಿಯನ್ನೂ, ಅದು ಚಗಳಿ ಕಚ್ಚಿದ ಅಳು ಎಂಬುದನ್ನೂ ಗುರುತಿಸಿದ್ದಳು. ನೆಟ್ಟಗೆ ಲಿಖಿತನ ಜೋಲಿಗೆ ಕೈ ಹಾಕಿ, ಕೂಸನ್ನು ಎತ್ತಿ, ಅಂಗಿ ಕಿತ್ತೆಸೆದು, ತೊಡೆಯ ಸಂದಿಯಲ್ಲಿ, ಕಿವಿಯ ಹಿಂದೆ ಕಚ್ಚಿಕೊಂಡಿದ್ದ ಚಗಳಿಗಳನ್ನು ಒಂದೊಂದಾಗಿ ಬಿಡಿಸಿದಳು. ತಣ್ಣೀರಿನಲ್ಲಿ ಒರೆಸಿ ಕೊಬ್ಬರಿ ಎಣ್ಣೆ ಹಚ್ಚಿದಳು. ಅವಳ ಕೈಗೂ ಕಚ್ಚಿ ಊದಿತ್ತು.

"ಹಗ್ಗಕ್ಕೆ ಬಟ್ಟೆ ಸುತ್ತಿದ್ಯಾ?" ಎಂದಳು ತಲೆ ಎತ್ತದೆ.

"ಮರ್ತೆ ಅತ್ತೆ" ಎಂದಳು ಯಶೋದಾ.

ಸುತ್ತ ನಿಂತಿದ್ದವರಲ್ಲಿ ಯಾರಿಗೂ ಇನ್ನೊಬ್ಬರ ಮುಖ ನೋಡುವ ಧೈರ್ಯವಾಗಲಿಲ್ಲ. ರುದ್ರಾಣಿ ಮೆಲ್ಲಗೆ ತನ್ನ ಮಗುವಿನ ಜೋಲಿಯ ಹತ್ತಿರ ಹೋಗಿ ಹಗ್ಗ ನೋಡಿದಳು. ಅವಳೂ ಸುತ್ತಿರಲಿಲ್ಲ.

"ಎಲ್ಲರೂ ಕೇಳಿ" ಎಂದಳು ಯಶೋದಾ. "ಅತ್ತೆಗೆ ಏನೂ ಆಗಿಲ್ಲ. ಮುಂದೆ ಆಗ್ಬಹುದು ಅಂತ ಡಾಕ್ಟ್ರು ಹೇಳಿದಾರೆ, ನಾಲ್ಕು ವರ್ಷಕ್ಕೆ. ಈಗ ಏನೂ ಇಲ್ಲ. ನಾನು ನನ್ನ ಕೂಸನ್ನ ಹೊತ್ಕೊಂಡು ಬಂದಿದ್ದಕ್ಕೇ ನೀವೆಲ್ಲ ಹೀಗೆ ಮಾಡಿದ್ದು. ತಪ್ಪು ನಂದೇ."

ಸಂಜೆ ರುದ್ರಾಣಿಯೇ ಮುಂದೆ ನಿಂತು ರೈಟರ ಹತ್ತಿರ ಹೋಗಿ ಬೀಗ ತೆಗೆಸಿ ಎಂದಳು. ಪ್ರಸಾದ್ ಕೀಲಿಕೈಯನ್ನು ತಾನೇ ತಂದು ರಾಮಮ್ಮನ ಮನೆಯ ಜಗುಲಿಯಲ್ಲಿಟ್ಟ. ರಾಮಮ್ಮ ಅದನ್ನು ತಕ್ಷಣ ಮುಟ್ಟಲಿಲ್ಲ.

"ಬರ್ತೀನಿ. ಆದ್ರೆ ನನ್ನ ಜೊತೆ ಇನ್ನೊಬ್ಬಳು ಬೇಕು ರೈಟ್ರೇ. ಕೆಲ್ಸ ಕಲಿಸ್ತೀನಿ. ನಾನು ಬಿಡೋ ಹೊತ್ತಿಗೆ ಅವಳಿಗೆ ಬರ್ಬೇಕು."

ಬುಧವಾರ ನಾಲ್ಕು ಮಕ್ಕಳು ಬಂದವು. ಪ್ರೇಮಕುಮಾರಿಯೂ ಇನ್ನಿಬ್ಬರೂ ತಮ್ಮ ಮಕ್ಕಳನ್ನು ಬಿಡಲಿಲ್ಲ. ರಾಮಮ್ಮ ಅವರನ್ನು ಕೇಳಲೂ ಇಲ್ಲ. ರಾಜೇಶ್ ಬೆಳಿಗ್ಗೆ ತಾನೇ ಕೂಸನ್ನು ಎತ್ತಿ ತಂದು ತಾಯಿಯ ಕೈಗೆ ಕೊಟ್ಟ. ಏನಾದರೂ ಹೇಳಬೇಕೆಂದು ನಿಂತ. "ಗುರುವಾರ ಅಲ್ಲ, ಇವತ್ತು ಬುಧವಾರ. ಹೋಗು, ಜೀಪು ಕಾಯ್ತಿದೆ" ಎಂದಳು ರಾಮಮ್ಮ. ಅವನು ಕಿವಿಯವರೆಗೆ ಕೆಂಪಾಗಿ ಹೋದ.

ರಂಜಿತಾ ಎರಡು ಭಾನುವಾರ ಮನೆಗೆ ಬರಲಿಲ್ಲ. ಬಂದದ್ದು ಒಂದು ಕೆಲಸದ ದಿನ, ರಜೆ ಹಾಕಿ. ಕೂಸಿನ ಮನೆಯಲ್ಲಿ ರಾಮಮ್ಮ ಕಾಲು ಚಾಚಿ ಕೂತು ಲಿಖಿತನನ್ನು ಕಾಲ ಮೇಲೆ ಮಲಗಿಸಿಕೊಂಡಿದ್ದಳು. ಕೂಸಿನ ತೊಡೆಯ ಮೇಲೆ ಚಗಳಿ ಕಚ್ಚಿದ ಕಲೆ ಇನ್ನೂ ಮಾಸಿರಲಿಲ್ಲ.

"ಡಾಕ್ಟರಮ್ಮನ ಹತ್ರ ನಾನು ಮಾಡಿದ್ದು ಹೇಳ್ದೆ ಅವ್ವ" ಎಂದಳು ರಂಜಿತಾ ಬಾಗಿಲಲ್ಲೇ ನಿಂತು. "ತುಂಬಾ ಬೇಜಾರು ಮಾಡ್ಕೊಂಡ್ರು. ಹೊಸ ಫಾರಂ ಕಳಿಸಿದಾರೆ. ಮುಂದಿನ ಸ್ಕ್ಯಾನಿಗೆ ಬರೋದೂ ಬಿಡೋದೂ ನಿನ್ನಿಷ್ಟ."

"ಓದು."

ರಂಜಿತಾ ಕೂತು, ಒಂದು ಸಾಲೂ ಬಿಡದೆ ಓದಿದಳು. ಫಲಿತಾಂಶದ ಸಾಲು ಬಂದಾಗ ಪೆನ್ನನ್ನು ತಾಯಿಯ ಕೈಗೆ ಕೊಟ್ಟಳು. ರಾಮಮ್ಮ ಕಾಗದವನ್ನು ಬೆಳಕಿಗೆ ಹಿಡಿದು, ಅಕ್ಷರ ಕೂಡಿಸಿ ಕೂಡಿಸಿ ಓದಿ, 'ಹೌದು' ಎಂಬಲ್ಲಿ ಗುರುತು ಹಾಕಿದಳು.

"ಇನ್ನು ಮುಚ್ಚಿಡೋಕೆ ಏನಿದೆ? ನಂಗೇ ಮೊದ್ಲು ಹೇಳ್ಲಿ. ಮುಂದೆ ಓದು."

"ನಿನಗೆ ನೆನಪು ಕಮ್ಮಿಯಾದ ಮೇಲೆ ನಿನ್ನ ಪರವಾಗಿ ಯಾರ ಹತ್ರ ಮಾತಾಡ್ಬೇಕು ಅಂತ ಕೇಳಿದಾರೆ" ಎಂದು ರಂಜಿತಾ, ಕೇಳದೆಯೇ ತನ್ನ ಹೆಸರು ಬರೆಯುವ ಅಭ್ಯಾಸದಿಂದ ಪೆನ್ನಿಗೆ ಕೈ ಚಾಚಿದಳು.

"ಯಶೋದಾ ಅಂತ ಬರಿ" ಎಂದಳು ರಾಮಮ್ಮ.

"ನಾನಲ್ವಾ ಅವ್ವ?"

"ಉಪ್ಪಿನ ವಿಷ್ಯ ಅವಳು ನಾನು ಕೇಳದೇನೇ ಹೇಳಿದ್ಲು."

ರಂಜಿತಾ ಪೆನ್ನು ತೆಗೆದುಕೊಂಡಳು. ಯಶೋದಾ ಎಂದು ಬರೆದಳು, ಅಡಿಯಲ್ಲಿ ಅತ್ತಿಗೆಯ ನಂಬರು ಬರೆದಳು. ಕಣ್ಣೀರು ಕಾಗದದ ಮೇಲೆ ಬೀಳದಂತೆ ಮುಖ ಪಕ್ಕಕ್ಕೆ ತಿರುಗಿಸಿಕೊಂಡಿದ್ದಳು. ರಾಮಮ್ಮ ನೋಡಿದಳು, ಆದರೆ ಮಾತು ಬದಲಿಸಲಿಲ್ಲ.

"ನಿಂಗೆ ಬರುತ್ತಾ ಅಂತ ತಿಳ್ಕೋಬೇಕು ಅಂತಿದ್ರೆ ಹೋಗಿ ಮಾಡಿಸ್ಕೋ. ನಾನು ಬೇಡ ಅನ್ನಲ್ಲ, ಜೊತೆಗೆ ಬರ್ತೀನಿ. ಆದ್ರೆ ನಿನ್ನ ಫಾರಂ ನೀನು ತುಂಬು."

ಹೊರಗೆ ಹೆಂಗಸರು ಕೆಲಸ ಮುಗಿಸಿ ಬರುವ ಸದ್ದಾಯಿತು. ಮೂಲೆಯ ಜೋಲಿಯಲ್ಲಿ ಮಗುವೊಂದು ಕುಂಯ್‌ಗುಟ್ಟಿತು. ರಾಮಮ್ಮ ಲಿಖಿತನನ್ನು ಎತ್ತಿ ಮಗಳ ಮಡಿಲಿಗೆ ಹಾಕಿದಳು.

"ಅದು ರುದ್ರಾಣೀದು, ಹಸಿವಾಗಿದೆ. ಇವನನ್ನ ಹಿಡ್ಕೋ, ಬೆನ್ನಿಗೆ ಕೈ ಕೊಟ್ಟು" ಎಂದು, ತಿರುಗಿ ನೋಡದೆ ಆ ಮೂಲೆಗೆ ನಡೆದಳು.